ನಿಮಗಿದು ಗೊತ್ತೆ? ಪ್ಲೇಗಿನ ಗಡ್ಡೆಯೇ ರಣರಂಗ

ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಧಾರವಾಡ ಜಿಲ್ಲೆಯಲ್ಲಿದ್ದು, ಸವಣೂರು ನವಾಬರ ಸಂಸ್ಥಾನವಾಗಿದ್ದ ಕಾಲವದು. 1898ರಲ್ಲಿ ಹತ್ತಿರದ ಹುಬ್ಬಳ್ಳಿಗೆ ಪ್ಲೇಗ್ ಬಂತು. ಸುಮಾರು 50 ಸಾವಿರ ಜನರಿದ್ದ ಆ ಊರಿನಲ್ಲಿ ಕೆಲವೇ ತಿಂಗಳಲ್ಲಿ 35 ಸಾವಿರಕ್ಕೂ ಹೆಚ್ಚು ಮಂದಿ ಲಸಿಕೆ ಹಾಕಿಸಿಕೊಂಡರು. ಆ ಲಸಿಕೆಯನ್ನು ಮುಂಬಯಿಯಲ್ಲಿ ತಯಾರಿಸಿದ್ದ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್, 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡಿದ್ದ.

ಲಸಿಕೆಯಲ್ಲಿದ್ದದ್ದು ಕಾಯಿಸಿ ಕೊಂದ ಪ್ಲೇಗ್ ರೋಗಾಣುಗಳು. ಸತ್ತರೂ ಅವುಗಳ ಮೈಮೇಲಿನ ಗುರುತು ಉಳಿದಿರುತ್ತದೆ. ನಮ್ಮ ಮೈಯ ರಕ್ಷಣಾ ಕೋಶಗಳಾದ ಬಿ-ಕೋಶಗಳಲ್ಲಿ ಒಂದೊಂದೂ ಒಂದೊಂದು ಗುರುತನ್ನಷ್ಟೇ ಹಿಡಿಯಬಲ್ಲದು. ಕೋಟಿಗಟ್ಟಲೆ ಕೋಶಗಳಲ್ಲಿ ಹೊಂದುವಂಥದ್ದು ಸಿಕ್ಕರೆ, ಇನ್ನೊಂದು ಬಗೆಯ ರಕ್ಷಣಾ ಕೋಶಗಳಾದ ಟಿ-ಕೋಶಗಳ ನೆರವಿನಿಂದ ಅದು ಸಾವಿರಾರು ಪಟ್ಟು ಹೆಚ್ಚಿ, ಆ ಗುರುತಿಗೆ ಅಂಟುವ ಪ್ರತಿಕಾಯ ತಯಾರಿಸುತ್ತದೆ. ಇದಕ್ಕೆ ವಾರಕ್ಕೂ ಹೆಚ್ಚು ಬೇಕು. ಪ್ಲೇಗ್ ಅಷ್ಟು ಬಿಡುವು ಕೊಡುವುದಿಲ್ಲ. ಲಸಿಕೆ ಕೊಡಿಸಿದ್ದು ಆ ಬಿಡುವನ್ನೇ.

ಪ್ಲೇಗ್ ಬಂದವರ ತೊಡೆಸಂದು, ಕಂಕುಳಲ್ಲಿ ಏಳುತ್ತಿದ್ದ ಗಡ್ಡೆ ನಿಜಕ್ಕೂ ಊದಿಕೊಂಡ ದುಗ್ಧಗ್ರಂಥಿ. ರಕ್ಷಣಾ ಕೋಶಗಳು ವೈರಿಯನ್ನು ಗುರುತಿಸಲು ಸೇರುವ ತಾಣವದು. ಪ್ಲೇಗ್ ರೋಗಾಣು ಅಲ್ಲಿಯೇ ನುಗ್ಗಿ ಬೆಳೆಯುತ್ತಿತ್ತು. ಅದಕ್ಕೇ ಆ ಪರಿ ಊತ, ನೋವು.

ಹಾಫ್‌ಕಿನ್ ಲಸಿಕೆಯ ಬಲ ಕೆಲವು ತಿಂಗಳಷ್ಟೇ. ಸೂಜಿ ಚುಚ್ಚಿದ ದಿನ ಜ್ವರ, ತೋಳಿನ ಬಾವು ಬೇರೆ. ಆದರೂ ಜನ ಮುಂದೆ ಬಂದರಲ್ಲ, ಅದು ದೊಡ್ಡ ಧೈರ್ಯ. ಲಸಿಕೆ ಮೈಯೊಳಗೆ ಹೇಗೆ ಕೆಲಸ ಮಾಡುತ್ತದೆಂಬುದು ಆಗಿನ್ನೂ ಪೂರ್ತಿ ತಿಳಿದಿರಲಿಲ್ಲ; ಬಿ ಮತ್ತು ಟಿ ಕೋಶಗಳ ಕೆಲಸ ವಿಜ್ಞಾನಿಗಳಿಗೆ ಸ್ಪಷ್ಟವಾದದ್ದು 1960ರ ದಶಕದಲ್ಲಿ.