ರಥ ಎಳೆಯುವ ಬೆತ್ತ

ಸುಳ್ಯದಿಂದ ಹೊರಟು ಕಾಂತಮಂಗಲದಲ್ಲಿ ಪಯಸ್ವಿನಿ ದಾಟಿ, ಅಜ್ಜಾವರದ ಮೇಲಾಗಿ ಬಂದರೆ ಮಂಡೆಕೋಲು. ಅದರಾಚೆ ಕೇರಳ. ಇಲ್ಲಿನ ಹಿರಿಯ ಕೃಷಿಕರೊಬ್ಬರ ಅಡಿಕೆ ತೋಟದ ಮೇಲಿನ ಕುಮ್ಕಿಯಲ್ಲಿ (ತೋಟಕ್ಕೆ ಹೊಂದಿಕೊಂಡ ಸರಕಾರಿ ಜಾಗದಲ್ಲಿ) ಒಂದು ಹಿಂಡು ನಾಗಬೆತ್ತ ಉಳಿದಿದೆ ಎಂದು ಕೇಳಿ ನೋಡಲು ಹೋಗಿದ್ದೆ. ಹತ್ತಿರ ಹೋಗುವಷ್ಟರಲ್ಲಿ ಗರಿಯ ತುದಿಯ ಚಾಟಿ ತೋಳಿಗೆ ಸಿಕ್ಕಿಕೊಂಡಿತು. "ಎಳೀಬೇಡಿ ಮಾರಾಯ್ರೆ, ಗಿಡದ ಕಡೆಗೇ ಒಂದು ಹೆಜ್ಜೆ ಹೋಗಿ, ಅದೇ ಬಿಡ್ತದೆ" ಎಂದರು ಅಜ್ಜ. ಹೋದೆ, ಬಿಟ್ಟಿತು. ಮುಳ್ಳುಗಳೆಲ್ಲ ಹಿಂದಕ್ಕೆ ಬಾಗಿದ ಕೊಕ್ಕೆಗಳು. ಅವನ್ನು ಕೊಂಬೆಗೆ ಸಿಕ್ಕಿಸುತ್ತಲೇ ಬೆತ್ತ ಮರದ ನೆತ್ತಿ ಮುಟ್ಟುತ್ತದೆ.

ಬಳ್ಳಿಯಂತೆ ಕಂಡರೂ ಇದು ಅಡಿಕೆ, ತೆಂಗು, ಬೈನೆಗಳ ಬಂಧು. ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಜಾತಿ. 1970ರಲ್ಲಿ ಸಸ್ಯವಿಜ್ಞಾನಿಗಳು ಇದಕ್ಕೆ ಹೆಸರಿಡುವಾಗ ಹೊಸದನ್ನು ಹುಡುಕಲಿಲ್ಲ. ನಮ್ಮ ಜನರ ಹೆಸರನ್ನೇ ಎತ್ತಿಕೊಂಡು 'ಕಲಾಮಸ್ ನಾಗಬೆಟ್ಟೈ' ಎಂದರು. ಕಾಡಿನವರ ಮಾತು ವಿಜ್ಞಾನದ ಪುಸ್ತಕಕ್ಕೆ ಹೀಗೆ ಇಡಿಯಾಗಿ ಹತ್ತಿದ್ದು ನನಗೆ ಹೆಮ್ಮೆಯ ಸಂಗತಿ.

ಆ ಕಾಡಿನವರನ್ನು ನೋಡಬೇಕಾದರೆ ಚಂಪಾಷಷ್ಠಿಯ ಮೊದಲು ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಬೇಕು. ಅಲ್ಲಿನ ಬ್ರಹ್ಮರಥ ಕಟ್ಟುವವರು ಮಲೆಕುಡಿಯರು. ಕಾಡಿನಿಂದ ಬಿದಿರು, ಬೆತ್ತ ತಂದು, ಹಗ್ಗದ ಬದಲು ಸೀಳಿದ ಬೆತ್ತದಲ್ಲೇ ಬಿಗಿದು ತೇರನ್ನು ಮೇಲೇರಿಸುತ್ತಾರೆ. ಹಸಿ ಬೆತ್ತ ಹೇಳಿದಂತೆ ಬಾಗುತ್ತದೆ, ಒಣಗಿದ ಮೇಲೆ ಕಟ್ಟು ಬಿಗಿಯಾಗಿ ನಿಲ್ಲುತ್ತದೆ. ರಥ ಎಳೆಯುವುದೂ ಬೆತ್ತದಿಂದಲೇ. ಉತ್ಸವ ಮುಗಿದ ಮೇಲೆ ಆ ಬೆತ್ತದ ಒಂದು ತುಂಡಿಗೆ ಜನ ಮುಗಿಬೀಳುತ್ತಾರೆ. ಮನೆಯಲ್ಲಿಟ್ಟರೆ ಹಾವಿನ ಭಯವಿಲ್ಲ ಎಂಬ ನಂಬಿಕೆ. ಮಂಡೆಕೋಲಿನ ಅಜ್ಜನ ಮನೆಯ ಮಾಡಿನಲ್ಲೂ ಅಂಥದ್ದೊಂದು ತುಂಡು ಹೊಗೆ ಹಿಡಿದು ಕಪ್ಪಾಗಿ ಕೂತಿದೆ. 'ಕುಕ್ಕೆ' ಎಂದರೆ ಬುಟ್ಟಿ; ಕ್ಷೇತ್ರದ ಹೆಸರೂ ಮಲೆಕುಡಿಯರ ಬುಟ್ಟಿಯಿಂದಲೇ ಬಂತು ಎಂದು ಅಜ್ಜ ಹೇಳಿದರು.

"ಮೊದಲು ತೊಟ್ಟಿಲು, ಹೆಡಿಗೆ, ಕುರ್ಚಿ, ಎಲ್ಲಾ ಬೆತ್ತದ್ದೇ. ಈಗ ಬೆತ್ತ ಎಲ್ಲಿ ಉಂಟು?" ಎಂದು ಕೇಳಿದರು ಅಜ್ಜ. ಕಡಿದವರು ಕಡಿದರು, ನೆಟ್ಟವರು ಕಡಿಮೆ. ತಂತಿಬೇಲಿ, ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ ಹೆಣೆಯುವ ಕೈಗಳೂ ಸುಮ್ಮನಾದವು.

ಬೆಳೆಸುವುದು ಕಷ್ಟವಲ್ಲ, ತಾಳ್ಮೆ ಬೇಕು. ಚಿಪ್ಪುಹಂದಿಯ ಮೈಯಂತೆ ಹುರುಪೆ ಹೊದ್ದ ಹಣ್ಣನ್ನು ಸುಲಿದು, ತಿರುಳು ತೊಳೆದು, ಬೀಜವನ್ನು ಕೂಡಲೇ ಬಿತ್ತಬೇಕು. ಒಣಗಿಸಿಟ್ಟರೆ ಜೀವ ಹೋಗುತ್ತದೆ. ಮೊಳಕೆಗೆ ವಾರಗಳಲ್ಲ, ಕೆಲವೊಮ್ಮೆ ತಿಂಗಳುಗಳೇ ಬೇಕು. ನೆರಳಿನಲ್ಲಿ ಒಂದು ವರ್ಷವಾದರೂ ಸಾಕಿ, ಮಳೆ ಹಿಡಿದ ಮೇಲೆ ಮರದ ಬುಡದ ಹತ್ತಿರ ನೆಡಬೇಕು. ಎಳೆಯದಕ್ಕೆ ನೆರಳು, ಬೆಳೆದದ್ದಕ್ಕೆ ಬೆಳಕು, ಯಾವಾಗಲೂ ತೇವ. ಕೊಯ್ಲಿಗೆ ಹತ್ತು ವರ್ಷ ಕಾಯುವ ಮನಸ್ಸಿರಲಿ. ಬಲಿತ ಕೋಲನ್ನಷ್ಟೇ ಕಡಿದರೆ ಹಿಂಡಿನ ಬುಡದಿಂದ ಮತ್ತೆ ಕುಡಿ ಬರುತ್ತದೆ.

ಬೆತ್ತವನ್ನು ಬೇಲಿಯಾಗಿ ನೆಟ್ಟರೆ ದನ ನಿಲ್ಲುತ್ತದೆ. ಆನೆ ನಿಲ್ಲುವುದಿಲ್ಲ; ಬೆತ್ತವೂ ಅದರ ಮೇವೇ. ಆನೆಯ ಕಾಟ ಉಂಡ ಮಂಡೆಕೋಲಿನವರಿಗೆ ಇದನ್ನು ಮುಚ್ಚಿಡುವುದು ಸರಿಯಲ್ಲ.

ಹಳದಿ ಎಲೆ ರೋಗಕ್ಕೆ ಅಡಿಕೆ ತೋಟ ಕಳೆದುಕೊಂಡ ಸುಳ್ಯದ ರೈತರಿಗೆ ಬೆತ್ತವೇ ಪರಿಹಾರ ಎಂದು ನಾನು ಹೇಳಲಾರೆ. ಆದರೆ ಕುಮ್ಕಿಯ ಮರಗಳ ಕೆಳಗೆ, ತೋಡಿನ ಬದಿಯಲ್ಲಿ ಇದಕ್ಕೆ ಜಾಗ ಇದೆ. ಕಾಡಿನ ಬೆತ್ತಕ್ಕೆ ಕತ್ತಿ ಹಾಕುವುದು ತಪ್ಪಬೇಕಾದರೆ ಊರಲ್ಲಿ ಬೆತ್ತ ಬೆಳೆಯಬೇಕು.

ಅಜ್ಜನ ಹಿಂಡು ಹೂ ಬಿಡುತ್ತದೆ, ಕಾಯಿ ಕಟ್ಟಿದ್ದಿಲ್ಲ. ಬೆತ್ತದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಸುತ್ತ ಎಲ್ಲೂ ಇದರ ಜೋಡಿ ಇಲ್ಲ. ನೆಡುವವರು ದಯವಿಟ್ಟು ಒಂದೇ ಗಿಡ ನೆಡಬೇಡಿ, ನಾಲ್ಕೈದಾದರೂ ನೆಡಿ.