ಒಂದರಿಂದ ಆರಕ್ಕೆ ಹತ್ತಿ ಇಳಿದ ಸಂಖ್ಯೆ

ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಹನ್ನೆರಡು ಅಂಕಿಯ ಕ್ಯಾಲ್ಕುಲೇಟರ್ ಕಂಡರೆ 27994681 ಒತ್ತಿ, 441ರಿಂದ ಗುಣಿಸಿ ನೋಡಿ. 12345654321 ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ ಸಂಖ್ಯೆ. ಈ ಲೆಕ್ಕಕ್ಕೆ ಸುಮಾರು 1,175 ವರ್ಷ ವಯಸ್ಸು. ಕೊಟ್ಟವರು ನಮ್ಮ ನಾಡಿನ ಜೈನ ಗಣಿತಜ್ಞ ಮಹಾವೀರಾಚಾರ್ಯರು, ಕ್ರಿ.ಶ. 850ರ ಆಸುಪಾಸಿನ ‘ಗಣಿತಸಾರಸಂಗ್ರಹ’ದಲ್ಲಿ.

ಗ್ರಂಥದ ಆರಂಭದಲ್ಲೇ ಅವರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಕೊಂಡಾಡುತ್ತಾರೆ. ‘ಕವಿರಾಜಮಾರ್ಗ’ ಹುಟ್ಟಿದ್ದೂ ಇದೇ ದೊರೆಯ ಆಸ್ಥಾನದಲ್ಲಿ. ಅದನ್ನು ನೆನೆಯುವಷ್ಟು ನಾವು ಇದನ್ನು ನೆನೆಯುವುದಿಲ್ಲ ಎನ್ನುವುದು ನನಗೆ ದೊಡ್ಡ ಕೊರಗು. ಆರ್ಯಭಟ, ಬ್ರಹ್ಮಗುಪ್ತರಲ್ಲಿ ಗಣಿತವು ಖಗೋಳ ಗ್ರಂಥದ ಒಂದು ಭಾಗ. ಮಹಾವೀರಾಚಾರ್ಯರದು ಗಣಿತಕ್ಕೇ ಮೀಸಲಾದ ಪುಸ್ತಕ. ಏಕ, ದಶ, ಶತದಿಂದ ಹೊರಟು ಇಪ್ಪತ್ನಾಲ್ಕನೆಯ ಸ್ಥಾನವಾದ ಮಹಾಕ್ಷೋಭದವರೆಗೆ, ಅಂದರೆ 1ರ ಮುಂದೆ 23 ಸೊನ್ನೆಗಳವರೆಗೆ, ಅವರು ಹೆಸರು ಕೊಡುತ್ತಾರೆ. ಗುಣಾಕಾರದ ಭಾಗದಲ್ಲಿ ಕೆಲವು ಉತ್ತರಗಳನ್ನು ಕೊರಳ ಹಾರವೆಂದು ಕರೆಯುತ್ತಾರೆ.

ಆ ಹಾರ ಪೋಣಿಸಿದ್ದು ಹೇಗೆ? 12345654321 ಎಂಬುದು 111111ರ ವರ್ಗ. ಆರು ಒಂದುಗಳ ಸಾಲನ್ನು ಪ್ರತಿ ಸಲ ಒಂದು ಮನೆ ಎಡಕ್ಕೆ ಸರಿಸುತ್ತ ಆರು ಸಲ ಬರೆದು ಕೂಡಿದರೆ, ಅಂಚಿನಲ್ಲಿ ಒಂದು, ಅದರ ಒಳಗೆ ಎರಡು, ನಟ್ಟನಡುವೆ ಆರು. ಇನ್ನು 111111 ಅನ್ನು ಒಡೆದರೆ 3, 7, 11, 13, 37 ಸಿಗುತ್ತವೆ. ಮೊದಲ ಎರಡರ ಗುಣಲಬ್ಧ 21, ಅದರ ವರ್ಗ 441. ಉಳಿದ ಮೂರರದು 5291, ಅದರ ವರ್ಗ 27994681! ಸುಮ್ಮನೆ ಗುಣಿಸುತ್ತ ಹೋಗಿ ಇದನ್ನು ಎಡವಿ ಕಂಡುಕೊಂಡಿರಲಾರರು. ಬೇಕಾದ ಉತ್ತರವನ್ನು ಮೊದಲು ಇಟ್ಟುಕೊಂಡು, ಅದನ್ನು ಒಡೆದು ಪ್ರಶ್ನೆ ಕಟ್ಟಿದ್ದಾರೆ ಎಂದೇ ನನಗನ್ನಿಸುತ್ತದೆ. 142857143 × 7 = 1000000001 ಎಂಬುದೂ, 333333666667 × 33 = 11000011000011 ಎಂಬುದೂ ಅದೇ ಕೈಯ ಕೆಲಸ.

ಈ ಏರಿಳಿತ ಒಂಬತ್ತು ಒಂದುಗಳವರೆಗೆ ಮಾತ್ರ ನಡೆಯುತ್ತದೆ. ಹತ್ತು ಒಂದುಗಳ ವರ್ಗ 1234567900987654321. ನಡುವಿನ ಮನೆಯಲ್ಲಿ ಹತ್ತು ಬಂದು ದಶಕ ಪಕ್ಕಕ್ಕೆ ದಾಟಿತು, ಹಾರ ಕಡಿಯಿತು.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಎಂಬಾತ ‘ಗಣಿತಸಾರಸಂಗ್ರಹ’ವನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ ಬರೆದು ಕನ್ನಡದಲ್ಲೇ ಲೆಕ್ಕ ಹೇಳಿದ. ಮೂಲಗ್ರಂಥ ಅಚ್ಚಾಗಲು 1912 ಬರಬೇಕಾಯಿತು, ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಿಂದ ಪ್ರಕಟಿಸಿದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಮತ್ತು ಟಿಪ್ಪಣಿಗಳೊಂದಿಗೆ ಅದು ಶಿವಮೊಗ್ಗ ಜಿಲ್ಲೆಯ ಹೊಂಬುಜದಿಂದ ಹೊರಬಂತು.