ತ್ರಿವಿಧ ದಾಸೋಹವೂ ಬಡಮಕ್ಕಳ ಶಾಲೆಯೂ

ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ನೀಡುವವನೇ ದಾಸನು. ನಿರ್ಗತಿಕ ಮಕ್ಕಳಿಗಾಗಿ ಶಾಲೆ ತೆರೆಯುವವರು ಶರಣರ ಈ ತತ್ತ್ವವನ್ನು ಮೊದಲು ಅರಿಯತಕ್ಕದ್ದು.

ಇದಕ್ಕೆ ತುಮಕೂರಿನ ಶ್ರೀ ಸಿದ್ಧಗಂಗಾ ಮಠವೇ ನಿದರ್ಶನ. 1941ರಲ್ಲಿ ಮಠದ ಹೊಣೆ ಹೊತ್ತ ಶ್ರೀ ಶಿವಕುಮಾರ ಸ್ವಾಮಿಗಳವರು, 2019ರಲ್ಲಿ ಲಿಂಗೈಕ್ಯರಾಗುವವರೆಗೂ ಜಾತಿಮತಗಳನ್ನೆಣಿಸದೆ ಸಹಸ್ರಾರು ಹಳ್ಳಿಯ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರು. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ನಿಲ್ಲವು.

ನಮ್ಮ ಕೋಲಾರ ಸೀಮೆಯನ್ನು ನೋಡಿರಿ. ಇದು ಬತ್ತದ ಹೊಳೆಯಿಲ್ಲದೆ ಕೆರೆಗಳನ್ನೇ ನಂಬಿದ ನಾಡು. ಮಾಲೂರಿನ ಇಟ್ಟಿಗೆ ಗೂಡುಗಳಿಗೆ ದುಡಿಯಲು ಬಂದವರ, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಕೂಲಿಯನ್ನರಸಿ ಬೆಂಗಳೂರಿಗೆ ಹೋದವರ ಮಕ್ಕಳ ಓದು ವರ್ಷದ ನಡುವೆಯೇ ಕಡಿಯುವುದುಂಟು. 2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದವರಿಗೆ ಉಚಿತ ಅಕ್ಷರವನ್ನು ವಿಧಿಸಿದೆ. ‘ಅಕ್ಷರ ದಾಸೋಹ’ವೆಂಬ ಸರ್ಕಾರದ ಯೋಜನೆಯು ಶಾಲೆಯಲ್ಲಿ ಮಧ್ಯಾಹ್ನದ ಅನ್ನವನ್ನು ನೀಡುತ್ತಿದೆ. ಆದರೆ ತಂದೆತಾಯಿಗಳು ಊರಿನಲ್ಲಿಲ್ಲದ ಮಗುವು ಇರುಳು ಎಲ್ಲಿ ಮಲಗಬೇಕು?

ಆದಕಾರಣ ಇಲ್ಲಿ ಹೊಸ ಶಾಲೆಯನ್ನು ಸಂಕಲ್ಪಿಸುವವರು ಪಾಠದ ಕೋಣೆಗಿಂತ ಮೊದಲು ಪ್ರಸಾದನಿಲಯಕ್ಕೆ ಅಸ್ತಿಭಾರ ಹಾಕಲಿ. ಶಾಲೆಗಳು ಊರೂರಿಗೂ ಇವೆ. ಆ ಮಕ್ಕಳಿಗಿಲ್ಲದಿರುವುದು ನೆಲೆ. ಆ ನೆಲೆಯನ್ನು ಭಿಕ್ಷೆಯೆಂದಲ್ಲ, ಮಗುವಿಗೆ ಸಲ್ಲಬೇಕಾದ ಸೇವೆಯೆಂದು ನೀಡಿದಾಗಲೇ ದಾಸೋಹವು ಸಾರ್ಥಕವಾದೀತು.